ಹುಳುಮನೆಯ ಕೆಂಡ

ಮಂಡ್ಯ ಸೀಮೆಯಲ್ಲಿ ಮನುಷ್ಯರಿಗೆಂದು ಯಾರೂ ಮನೆ ಕಾಯಿಸುವುದಿಲ್ಲ. ಧನುರ್ಮಾಸದ ಬೆಳಗಿನ ಜಾವ ಮದ್ದೂರು, ಮಳವಳ್ಳಿಗಳಲ್ಲಿ ಉಷ್ಣಾಂಶ 15-16 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಇನ್ನೊಂದು ಕಂಬಳಿ ಹೊದೆಯುತ್ತೇವೆ, ಬಚ್ಚಲ ಹಂಡೆಯ ಒಲೆಗೆ ಎರಡು ಸೌದೆ ಹೆಚ್ಚು ಇಡುತ್ತೇವೆ, ಬೀದಿ ಬದಿಯಲ್ಲಿ ಕಬ್ಬಿನ ತರಗು ಗುಡ್ಡೆ ಹಾಕಿ ಬೆಂಕಿ ಕಾಯಿಸಿಕೊಳ್ಳುತ್ತೇವೆ. ಹತ್ತು ಗಂಟೆಯ ಬಿಸಿಲು ಬಂದಮೇಲೆ ಚಳಿಯ ಮಾತೇ ಇಲ್ಲ. ಇಲ್ಲಿ ಯಾರಾದರೂ ನಡುಮನೆಯ ಗೋಡೆಯೊಳಗೆ ಅಗ್ಗಿಷ್ಟಿಕೆ ಕಟ್ಟಿಸಿದ್ದರೆ ಅದು ಊಟಿ ನೋಡಿಬಂದವರ ಶೋಕಿ ಎಂದೇ ತಿಳಿಯಬೇಕು.

ಆದರೂ ಕೋಣೆಯೊಳಗೆ ಕೆಂಡ ಇಡುವ ರೂಢಿ ಈ ಸೀಮೆಗೆ ಹೊಸದಲ್ಲ. ಒಂದು, ಬಾಣಂತಿ ಕೋಣೆಯ ಕೆಂಡ. ಇನ್ನೊಂದು, ರೇಷ್ಮೆ ಹುಳುವಿನ ಮನೆಯ ಕೆಂಡ. ಮೊದಲನೆಯದು ಆಸ್ಪತ್ರೆ ಹೆರಿಗೆ ಬಂದಮೇಲೆ ಕಡಿಮೆಯಾಗಿದೆ. ಎರಡನೆಯದು ಇನ್ನೂ ಇದೆ. ಇದ್ದಿಲು ತುಂಬಿದ ಹಳೆಯ ಬಾಂಡ್ಲಿ, ತಗಡಿನ ಡಬ್ಬ, ಮಣ್ಣಿನ ಒಲೆ, ಕರೆಂಟಿನ ಹೀಟರ್ ಹೀಗೆ ರೂಪ ಬದಲಾಗಿರಬಹುದು. ಚಳಿಗಾಲದ ಬೆಳೆ ತೆಗೆಯುವ ರೈತನಿಗೆ ಮಾತ್ರ ರಾತ್ರಿ ಹೊತ್ತು ಆ ಕೋಣೆಯನ್ನು ಏಳೆಂಟು ಡಿಗ್ರಿಯಷ್ಟು ಮೇಲೆತ್ತುವ ಕೆಲಸ ತಪ್ಪಿದ್ದಲ್ಲ. ಮನೆ ಕಾಯಿಸುವ ವಿಜ್ಞಾನವನ್ನು ನಮ್ಮ ನೆಲದಲ್ಲಿ ನಿಂತು ಕಲಿಯಬೇಕೆಂದರೆ ಹುಳುಮನೆಗಿಂತ ಒಳ್ಳೆಯ ಜಾಗ ಇಲ್ಲ.

ರೇಷ್ಮೆ ಈ ಸೀಮೆಗೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ. ಇಂದು ಮಂಡ್ಯ ಜಿಲ್ಲೆಯಲ್ಲೇ ಇರುವ ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಟಿಪ್ಪು ಸುಲ್ತಾನ ಹುಳು ತರಿಸಿ, ಹಿಪ್ಪುನೇರಳೆ ಹಾಕಿಸಿ, ಸಾಕಣೆಗೆ ಅಪ್ಪಣೆ ಕೊಟ್ಟ. ಇಲ್ಲಿ ಒಗ್ಗಿಕೊಂಡು ನಿಂತ ತಳಿಗೆ ‘ಮೈಸೂರು’ ಎಂಬ ಹೆಸರೇ ಅಂಟಿತು. ವರ್ಷವಿಡೀ ಮೊಟ್ಟೆ ಒಡೆದು ಬರುವ, ಗಟ್ಟಿಜೀವದ, ಸಣ್ಣ ಹಳದಿ-ಹಸಿರು ಗೂಡಿನ ತಳಿ ಅದು. ಹೊಸ ಬೆಳೆಯ ಗೂಡುಗಳು ಬೇರೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಜಪಾನಿನ ನೆರವಿನೊಂದಿಗೆ 1990ರ ದಶಕದಲ್ಲಿ ಬೆಳೆಸಿದ ಸಿಎಸ್‌ಆರ್ ಹೆಸರಿನ ದ್ವಿತಳಿಗಳು ಬಿಳಿಯ ದಪ್ಪ ಗೂಡು ಕಟ್ಟುತ್ತವೆ. ಒಂದೊಂದು ಗೂಡಿನಿಂದ ಸಾವಿರ ಮೀಟರಿನ ಆಸುಪಾಸು ನೂಲು ಬಿಚ್ಚಬಹುದು. ಹಳೆಯ ತಳಿಯಲ್ಲಿ ಅದು ಅರ್ಧದಷ್ಟೂ ಇರಲಿಲ್ಲ. ಹೆಚ್ಚು ಕೊಡುವ ಹುಳು ಹೆಚ್ಚು ಕೇಳುತ್ತದೆ. ಒಳ್ಳೆಯ ಸೊಪ್ಪು, ಶುಚಿ, ಏರುಪೇರಿಲ್ಲದ ಶಾಖ ಇವೆಲ್ಲ ಅದಕ್ಕೆ ಬೇಕು.

ಶಾಖ ಯಾಕೆ ಬೇಕು? ನಮ್ಮ ಮೈ ಹೊರಗೆ 16 ಡಿಗ್ರಿ ಇದ್ದರೂ 37ರಲ್ಲೇ ನಿಲ್ಲುತ್ತದೆ. ಹುಳುವಿಗೆ ಆ ಸೌಕರ್ಯ ಇಲ್ಲ. ಕೋಣೆ ಎಷ್ಟು ಬಿಸಿಯೋ ಹುಳುವೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಸೊಪ್ಪು ಅಗಿಯುವುದು, ಅರಗಿಸುವುದು, ಬೆಳೆಯುವುದು, ರೇಷ್ಮೆ ದ್ರವ ತಯಾರಿಸುವುದು ಎಲ್ಲವೂ ಒಳಗಿನ ಕಿಣ್ವಗಳ ಕೆಲಸ. ಕಿಣ್ವಗಳ ವೇಗ ಉಷ್ಣಾಂಶಕ್ಕೆ ಕಟ್ಟುಬಿದ್ದದ್ದು. ಮೊದಲ ಎರಡು ಹಂತದ ಮರಿಗಳಿಗೆ (ಚಾಕಿ ಹುಳು ಎನ್ನುತ್ತೇವಲ್ಲ, ಅವಕ್ಕೆ) 26ರಿಂದ 28 ಡಿಗ್ರಿ, 85-90ರಷ್ಟು ಸಾಪೇಕ್ಷ ತೇವಾಂಶ ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ, 70ರ ಆಸುಪಾಸಿನ ತೇವಾಂಶ ಸಾಕು. ಇಷ್ಟು ಸಿಕ್ಕರೆ ಇಪ್ಪತ್ತೈದು ದಿನದ ಆಚೀಚೆ ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರುತ್ತದೆ. ಚಳಿ ಹಿಡಿದರೆ ದಿನಗಳು ಎಳೆಯುತ್ತವೆ. ಎಳೆದ ಪ್ರತಿ ದಿನಕ್ಕೂ ಸೊಪ್ಪು ಬೇಕು, ಆಳು ಬೇಕು.

ತಡವಾದರೂ ಆಗಲಿ, ಬಂದರೆ ಸಾಕು ಎನ್ನುವ ಹಾಗೂ ಇಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಇದನ್ನೇ ನಮ್ಮವರು ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುವುದು. ಹುಳುಮನೆಯ ಬಾಗಿಲಲ್ಲಿ “ಹುಳ ಜರಕ್ಕೆ ಕೂತವೆ ಕಣಕ್ಕ, ಬಾಗ್ಲು ಧಡಾರ್ ಅನ್ನಿಸ್ಬ್ಯಾಡಿ” ಎಂಬ ಪಿಸುಮಾತು ಕೇಳಿಸಿದರೆ ಒಳಗಿನ ಎಲ್ಲ ಹುಳುವೂ ತಲೆ ಎತ್ತಿ ಸುಮ್ಮನೆ ಕೂತಿದೆ ಎಂದರ್ಥ. ಎಲ್ಲವೂ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಎದ್ದರೆ ಸಾಕಣೆ ಸಲೀಸು. ಕೋಣೆಯ ಒಂದು ಮೂಲೆ 27, ಇನ್ನೊಂದು ಮೂಲೆ 20 ಇದ್ದರೆ ಅರ್ಧ ಹುಳು ಎದ್ದು ಸೊಪ್ಪು ಹುಡುಕುತ್ತಿರುತ್ತದೆ, ಅರ್ಧ ಇನ್ನೂ ಕೂತಿರುತ್ತದೆ. ಸೊಪ್ಪು ಹಾಕಿದರೆ ಕೂತವು ಅದರಡಿ ಹೂತುಹೋಗುತ್ತವೆ, ಹಾಕದಿದ್ದರೆ ಎದ್ದವು ಬಡವಾಗುತ್ತವೆ. ಇಪ್ಪತ್ತು ದಿನ ಕಳೆದರೂ ಈ ಒಡಕು ಮುಚ್ಚುವುದಿಲ್ಲ. ಆದ್ದರಿಂದ ಹುಳುಮನೆಯ ಬೆಂಕಿಯಿಂದ ನಾವು ಮೊದಲು ಬಯಸಬೇಕಾದದ್ದು ಸಮನಾದ ಶಾಖ.

ಬಾಂಡ್ಲಿಯ ಕೆಂಡಕ್ಕೆ ಬರದ ವಿದ್ಯೆಯೇ ಇದು. ಕೆಂಡ ತನ್ನ ಶಾಖವನ್ನು ಎರಡು ದಾರಿಯಲ್ಲಿ ಬಿಡುತ್ತದೆ. ಒಂದು ವಿಕಿರಣ; ಎದುರಿಗಿದ್ದವರ ಮುಖ ಸುಡುತ್ತದೆ, ಬೆನ್ನು ತಣ್ಣಗೇ ಇರುತ್ತದೆ. ಇನ್ನೊಂದು, ಕಾದ ಗಾಳಿ ನೇರ ಮೇಲೇರಿ ಸೂರಿಗೆ ಹೋಗಿ ಕೂರುವುದು. ತಟ್ಟೆಗಳನ್ನು ಅಡ್ಡೆಯ ಮೇಲೆ ಒಂದರ ಮೇಲೊಂದು ಜೋಡಿಸಿದ ಮನೆಯಲ್ಲಿ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಮೂರ್ನಾಲ್ಕು ಡಿಗ್ರಿ ಅಂತರ ಸುಲಭವಾಗಿ ಬೀಳುತ್ತದೆ. ಹೊತ್ತಿಗೊಮ್ಮೆ ತಟ್ಟೆಗಳ ಜಾಗ ಬದಲಿಸುವ ಹಳೆಯ ಪದ್ಧತಿ ಅಂದಾಜಿನಿಂದ ಬಂದದ್ದಾದರೂ ಶುದ್ಧ ಭೌತಶಾಸ್ತ್ರ. ಉಷ್ಣಮಾಪಕವನ್ನು ಬಾಗಿಲ ಪಕ್ಕದ ಗೋಡೆಗೆ, ಆಳೆತ್ತರಕ್ಕೆ ನೇತುಹಾಕುವವರು ಮಾತ್ರ ತಾವು ನಿಂತ ಜಾಗದ ಉಷ್ಣಾಂಶ ಅಳೆದುಕೊಳ್ಳುತ್ತಾರೆ. ಅದು ಇರಬೇಕಾದದ್ದು ಹುಳು ಇರುವ ಎತ್ತರದಲ್ಲಿ, ಕೆಂಡದ ನೇರ ನೋಟಕ್ಕೆ ಬೀಳದ ಕಡೆ.

ಈಗ ಒಂದು ಲೆಕ್ಕ ಹಾಕೋಣ. ಈ ಅಧ್ಯಾಯದ ತಿರುಳು ಇದರಲ್ಲೇ ಇದೆ.

ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಹುಳುಮನೆ. ಒಂಬತ್ತಂಗುಲ ಇಟ್ಟಿಗೆಯ ಗೋಡೆ, ಮೇಲೆ ಸಿಮೆಂಟು ಶೀಟು. ಒಳಗೆ 170 ಘನ ಮೀಟರ್ ಗಾಳಿ, ತೂಕ ಸುಮಾರು 190 ಕಿಲೋ. ಈ ಗಾಳಿಯನ್ನು 8 ಡಿಗ್ರಿ ಬಿಸಿ ಮಾಡಲು ಎಷ್ಟು ಇದ್ದಿಲು ಬೇಕು? ಒಂದು ಕಿಲೋ ಒಳ್ಳೆಯ ಇದ್ದಿಲು ಉರಿದರೆ 29 ಮೆಗಾಜೂಲ್ ಆಸುಪಾಸು ಶಾಖ ಕೊಡುತ್ತದೆ. ಗಾಳಿಗೆ ಬೇಕಾದದ್ದು ಒಂದೂವರೆ ಮೆಗಾಜೂಲ್. ಅಂದರೆ ಐವತ್ತು ಗ್ರಾಂ, ಒಂದು ಹಿಡಿ ಇದ್ದಿಲು.

ಹಾಗಿದ್ದರೆ ರಾತ್ರಿಗೆ ಐದಾರು ಕಿಲೋ ಯಾಕೆ ಉರಿಯುತ್ತದೆ? ಕಾಯಿಸಿದ ಶಾಖ ನಿಲ್ಲುವುದಿಲ್ಲ. ತೂತು ಮಡಕೆಗೆ ನೀರು ಹೊಯ್ದ ಹಾಗೆ ಸೋರಿಹೋಗುತ್ತದೆ. ಎಲ್ಲೆಲ್ಲಿ ಸೋರುತ್ತದೆ ಎನ್ನುವುದನ್ನೂ ಕಟ್ಟಡ ಸಾಮಗ್ರಿಯ ಗುಣದಿಂದ ಅಂದಾಜು ಮಾಡಬಹುದು. ಒಳಗೂ ಹೊರಗೂ 8 ಡಿಗ್ರಿ ವ್ಯತ್ಯಾಸ ಇದ್ದಾಗ ನಾಲ್ಕು ಗೋಡೆಯಿಂದ ಒಂದೂವರೆ ಕಿಲೋವಾಟ್ ಹೊರಗೆ ಹೋಗುತ್ತದೆ. ತೆಳುವಾದ ಶೀಟಿನ ಸೂರಿನಿಂದ ಎರಡೂಮುಕ್ಕಾಲು ಕಿಲೋವಾಟಿನಷ್ಟು. ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗುವಷ್ಟು ಕಿಂಡಿ ತೆರೆದಿಟ್ಟರೆ ಆ ಗಾಳಿಯ ಜೊತೆ ಹೋಗುವುದು ಅರ್ಧ ಕಿಲೋವಾಟಿಗಿಂತ ಕಡಿಮೆ. ಒಟ್ಟು ಸೋರಿಕೆಯಲ್ಲಿ ಹತ್ತನೇ ಒಂದು ಪಾಲೂ ಅಲ್ಲ.

ಚಳಿಗೆ ಹೆದರಿದ ರೈತ ಮೊದಲು ಮಾಡುವ ಕೆಲಸ ಕಿಟಕಿಗೆ ಗೋಣಿ ತುರುಕುವುದು. ಅದರಿಂದ ಹತ್ತು ಗಂಟೆಯ ರಾತ್ರಿಗೆ ಉಳಿಯುವ ಇದ್ದಿಲು ಅರ್ಧ ಕಿಲೋ. ಅದೇ ಗೋಣಿಯನ್ನೋ ತೆಂಗಿನ ಗರಿಯ ತಡಿಕೆಯನ್ನೋ ಸೂರಿನ ಕೆಳಗೆ ಒಂದು ಅಡಿ ಜಾಗ ಬಿಟ್ಟು ಕಟ್ಟಿದರೆ, ನಡುವೆ ನಿಂತ ಗಾಳಿ ಶಾಖವನ್ನು ತಡೆದು, ಎರಡು ಕಿಲೋ ಉಳಿಯುತ್ತದೆ. ಬೇಸಗೆಯಲ್ಲಿ ಅದೇ ತಡಿಕೆ ಬಿಸಿಲ ತಾಪವನ್ನೂ ತಡೆಯುತ್ತದೆ. ಎಳನೀರಿನ ಪೇಟೆಗೆ ಹೆಸರಾದ ಮದ್ದೂರಿನಲ್ಲಿ ತೆಂಗಿನ ಗರಿಗೆ ಬರವೇ? ಕಟ್ಟುವ ಮುನ್ನ ಒಂದು ಮಾತು: ಒಣಗಿದ ಗರಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ತೆರೆದ ಕೆಂಡದ ನೆತ್ತಿಯ ಮೇಲೆ ಅದು ಇರಕೂಡದು.

ಕಿಟಕಿ ಮುಚ್ಚಿದರೆ ಉಳಿತಾಯ ಕಡಿಮೆ ಎಂಬುದು ಸಣ್ಣ ಮಾತು. ದೊಡ್ಡ ಮಾತು ಮುಂದಿದೆ.

ಇದ್ದಿಲು ಹೊಗೆಯಾಡುವುದಿಲ್ಲ ಎಂದೇ ಅದನ್ನು ಒಳಗೆ ಇಡುತ್ತೇವೆ. ಸೌದೆಯ ತೂಕದಲ್ಲಿ ಮುಕ್ಕಾಲು ಪಾಲು, ಕಾದಾಗ ಆವಿಯಾಗಿ ಹೊರಡುವ ವಸ್ತು. ಜ್ವಾಲೆ, ಹೊಗೆ ಎರಡೂ ಅದರಿಂದಲೇ. ಇದ್ದಿಲು ಸುಡುವವನು ಗುಂಡಿಯಲ್ಲೇ ಅದನ್ನೆಲ್ಲ ಓಡಿಸಿರುತ್ತಾನೆ. ಉಳಿದದ್ದು ಹೆಚ್ಚಿನ ಪಾಲು ಬರೀ ಇಂಗಾಲ. ಬಾಂಡ್ಲಿಯ ಅಡಿಯಲ್ಲಿ ಗಾಳಿ ಸಿಕ್ಕಿದ ಕಡೆ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಈ ಅನಿಲ ಮೇಲಿನ ಕೆಂಪು ಕೆಂಡಗಳ ನಡುವೆ ನುಸುಳುವಾಗ ಅಲ್ಲಿನ ಇಂಗಾಲದೊಡನೆ ಮತ್ತೆ ಕೂಡಿ ಕಾರ್ಬನ್ ಮಾನಾಕ್ಸೈಡ್ ಆಗಿಬಿಡುತ್ತದೆ. ಮೇಲ್ಪದರದಲ್ಲಿ ಸಾಕಷ್ಟು ಬಿಸಿ ಮತ್ತು ಗಾಳಿ ಇದ್ದರೆ ಅದು ಉರಿದುಹೋಗುತ್ತದೆ. ಕೆಂಡದ ಮೇಲೆ ಆಡುವ ತಿಳಿನೀಲಿ ಜ್ವಾಲೆ ಅದೇ. ಜ್ವಾಲೆ ಆರಿ ಕೆಂಡ ಬೂದಿ ಹೊದ್ದು ಮಲಗಿದಾಗ ಅನಿಲ ಉರಿಯದೆ ಕೋಣೆಗೆ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ತೂಕದಲ್ಲೂ ಹೆಚ್ಚುಕಡಿಮೆ ಗಾಳಿಯಷ್ಟೇ ಆದ್ದರಿಂದ ನೆಲದ ಮೇಲೆ ಮಲಗಿದರೂ ಮಂಚದ ಮೇಲೆ ಮಲಗಿದರೂ ಒಂದೇ.

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ. ಒಂದು ಕಿಲೋ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ನೂರು ಗ್ರಾಂ ಎಂದಿಟ್ಟುಕೊಳ್ಳೋಣ; ಅಳತೆ ಮಾಡಿದವರಿಗೆ ಹಲವು ಒಲೆಗಳಲ್ಲಿ ಇದಕ್ಕಿಂತ ಹೆಚ್ಚೇ ಸಿಕ್ಕಿದೆ. ಕೋಣೆ ಪೂರ್ತಿ ಮುಚ್ಚಿದ್ದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಮೂರು ಸಾವಿರ ಭಾಗ ಅದೇ ಆಗುತ್ತದೆ. ಸಾವಿರದ ಆರುನೂರು ಭಾಗವಿದ್ದರೆ ಒಂದೆರಡು ಗಂಟೆಯಲ್ಲಿ ಜೀವಕ್ಕೆ ಅಪಾಯ. ಮೂರು ಸಾವಿರದಾಚೆ ಅರ್ಧ ಗಂಟೆ ಸಾಕು. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಕಾಲಲ್ಲಿ ಬಲ ಇಲ್ಲದಿರುವುದು. ಏನೋ ಸರಿಯಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಎದ್ದು ಬಾಗಿಲು ತೆಗೆಯುವ ಶಕ್ತಿ ಹೋಗಿರುತ್ತದೆ. ಮಲಗಿದ್ದವರಿಗೆ ಅದೂ ಗೊತ್ತಾಗುವುದಿಲ್ಲ.

ಹುಳುಮನೆಯಲ್ಲಿ ಇದಕ್ಕೊಂದು ವಿಚಿತ್ರ ತಿರುವು ಇದೆ. “ಹುಳುವೇ ಚೆನ್ನಾಗಿ ಮೇಯ್ತಾ ಇದೆ, ಇನ್ನು ನಮಗೇನಾಗುತ್ತೆ?” ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಹುಳು ನಾಜೂಕು ಜೀವ, ತಂಬಾಕಿನ ಹೊಗೆಗೇ ಒದ್ದಾಡುತ್ತದೆ, ಪಕ್ಕದ ಹೊಲದ ಔಷಧಿ ಸೊಪ್ಪಿಗೆ ತಗುಲಿದರೆ ಸಾಯುತ್ತದೆ. ಅಂಥ ಹುಳು ಬದುಕಿದ್ದರೆ ಗಾಳಿ ಶುದ್ಧ ಇರಬೇಕಲ್ಲ? ಇರಬೇಕಾಗಿಲ್ಲ. ಹುಳುವಿನ ಮೈಯ ಎರಡೂ ಪಕ್ಕದಲ್ಲಿ ಒಂಬತ್ತೊಂಬತ್ತು ಸಣ್ಣ ಕಪ್ಪು ಚುಕ್ಕೆಗಳಿವೆ. ಅವು ಉಸಿರಾಟದ ರಂಧ್ರಗಳು. ಅಲ್ಲಿಂದ ಹೊರಟ ನಳಿಕೆಗಳು ಕವಲೊಡೆಯುತ್ತಾ ಹೋಗಿ ಆಮ್ಲಜನಕವನ್ನು ನೇರ ಅಂಗಾಂಶಗಳಿಗೇ ಮುಟ್ಟಿಸುತ್ತವೆ. ರಕ್ತದ ಮೇಲೆ ಹೊರಿಸಿ ಕಳಿಸುವ ಏರ್ಪಾಡೇ ಅದಕ್ಕಿಲ್ಲ. ಅದರ ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲ. ನಮ್ಮನ್ನು ಕೊಲ್ಲುವ ಪ್ರಮಾಣದ ಕಾರ್ಬನ್ ಮಾನಾಕ್ಸೈಡನ್ನು ಕೀಟಗಳು ತಡೆದುಕೊಳ್ಳುವುದು ಇದರಿಂದಲೇ. 1896ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಸ್ಫೋಟಗಳಲ್ಲಿ ಸತ್ತವರನ್ನು ಪರೀಕ್ಷಿಸಿದ ಜಾನ್ ಸ್ಕಾಟ್ ಹಾಲ್ಡೇನ್, ಬಹುಪಾಲು ಕಾರ್ಮಿಕರನ್ನು ಕೊಂದದ್ದು ಸ್ಫೋಟದ ಬೆಂಕಿ ಅಲ್ಲ, ಈ ಅನಿಲ ಎಂದು ತೋರಿಸಿದ. ಮನುಷ್ಯನಿಗಿಂತ ಬೇಗ ಕುಸಿಯುವ ಇಲಿ, ಹಕ್ಕಿಗಳನ್ನು ಗಣಿಗೆ ಒಯ್ಯಿರಿ ಎಂಬ ಸಲಹೆಯೂ ಅವನದೇ. ಗಣಿಯ ಹಕ್ಕಿ ಮನುಷ್ಯನಿಗಿಂತ ಮೊದಲು ಬೀಳುತ್ತಿತ್ತು. ಹುಳುಮನೆಯಲ್ಲಿ ಮೊದಲು ಬೀಳುವವನು ಮನುಷ್ಯ. ಕೆಂಡ ಇಟ್ಟ ಹುಳುಮನೆಯಲ್ಲಿ ಯಾರೂ ಮಲಗಕೂಡದು ಎಂಬ ನಿಯಮಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಹಾಗಾದರೆ ನಮ್ಮ ಅಜ್ಜಿಯರು ತಲೆಮಾರುಗಟ್ಟಲೆ ಹುಳುವಿನ ಪಕ್ಕದಲ್ಲೇ ಮಲಗಿ ಹೇಗೆ ಬದುಕಿದರು? ಹಿಂದೆ ಹುಳುವಿಗೆಂದು ಬೇರೆ ಮನೆ ಎಲ್ಲಿತ್ತು. ನಡುಮನೆಯಲ್ಲೇ ತಟ್ಟೆ, ಅಲ್ಲೇ ಊಟ, ಅಲ್ಲೇ ನಿದ್ದೆ. ಅವರನ್ನು ಕಾಪಾಡಿದ್ದು ನಾಡಹೆಂಚು. ಒಂದರ ಮೇಲೊಂದು ಸಡಿಲವಾಗಿ ಕೂತ ಹೆಂಚಿನ ಸಂದುಗಳಿಂದ ಬಿಸಿಗಾಳಿ ರಾತ್ರಿಯಿಡೀ ಹೊರಗೆ ಹೋಗುತ್ತಿತ್ತು. ತೊಟ್ಟಿಮನೆಯಾದರೆ ಮನೆಯ ನಡುವೆಯೇ ಆಕಾಶ. ಯಾರೂ ಯೋಚಿಸಿ ಮಾಡದಿದ್ದರೂ ಇಡೀ ಸೂರೇ ಹೊಗೆಗೂಡಾಗಿತ್ತು. ಅದೇ ಬಾಂಡ್ಲಿಯನ್ನು ತಂದು ತಾರಸಿ ಹಾಕಿದ, ಗಾಜಿನ ಕಿಟಕಿ ಬಿಗಿದ, ಬಾಗಿಲಿನ ಕೆಳಗೆ ಇರುವೆಯೂ ನುಸುಳದ ಕೋಣೆಯಲ್ಲಿ ಇಟ್ಟರೆ ಅದು ಬೇರೆಯೇ ವಸ್ತು. ರೂಢಿ ಹಳೆಯದು, ಮನೆ ಹೊಸದು. ಪ್ರತಿ ಚಳಿಗಾಲದಲ್ಲೂ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುವುದು ಈ ಎರಡರ ನಡುವಿನ ಅಂತರದಿಂದ.

ಗಾಳಿಯಾಡದ ಬಿಸಿ ಹುಳುವಿಗೂ ಒಗ್ಗುವುದಿಲ್ಲ ಎನ್ನುವುದು ಇನ್ನೊಂದು ಕಥೆ. ಇದನ್ನು ಕಂಡುಕೊಂಡವರಲ್ಲಿ ಹೆಸರಿಸಬೇಕಾದವನು ವಿಂಚೆನ್ಸೊ ದಾಂದೊಲೊ. ವೆನಿಸ್ಸಿನ ರಸಾಯನಶಾಸ್ತ್ರಜ್ಞ, ಲವೊಸಿಯೆಯ ಹೊಸ ರಸಾಯನಶಾಸ್ತ್ರವನ್ನು ಇಟಲಿಗೆ ಪರಿಚಯಿಸಿದವ. ಉರಿಯುವುದೆಂದರೆ ಆಮ್ಲಜನಕದೊಡನೆ ಕೂಡುವುದು ಎಂದು ಬಲ್ಲವನ ಕಣ್ಣಿಗೆ, ಕಿಟಕಿ ಮುಚ್ಚಿ, ಬೆಂಕಿ ಹಾಕಿ, ಕತ್ತಲಲ್ಲಿ ಹುಳು ಸಾಕುತ್ತಿದ್ದ ರೈತರ ಮನೆಗಳು ಹೇಗೆ ಕಂಡಿರಬೇಕು! 1815ರಲ್ಲಿ ಅವನು ಬರೆದ ಪುಸ್ತಕ ಹುಳುಮನೆಗೆ ಉಷ್ಣಮಾಪಕ ತಂದಿತು, ನೆಲದಲ್ಲೂ ಸೂರಿನಲ್ಲೂ ಗಾಳಿಕಿಂಡಿ ಬೇಕೆಂದಿತು. ಅಗ್ಗಿಷ್ಟಿಕೆಯನ್ನು ಅವನು ಬಳಸಿದ ಬಗೆ ಸೊಗಸಾದದ್ದು. ಕೋಣೆಯ ಗಾಳಿ ಮಂದವಾದಾಗ ಅದರಲ್ಲಿ ಹುಲ್ಲೋ ತೆಳು ಚಕ್ಕೆಯೋ ಹಾಕಿ ಭಗ್ಗನೆ ಉರಿಸುವುದು. ಆ ಉರಿ ಹೊಗೆಗೂಡಿನಲ್ಲಿ ಮೇಲೇರುತ್ತಾ ಒಳಗಿನ ಹಳೆಯ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಕಿಂಡಿಗಳಿಂದ ಹೊಸ ಗಾಳಿ ಬರುತ್ತದೆ. ಬೆಂಕಿ ಅಲ್ಲಿ ಕಾಯಿಸುವ ಸಾಧನಕ್ಕಿಂತ ಹೆಚ್ಚಾಗಿ ಗಾಳಿ ಎಳೆಯುವ ಪಂಪು.

ದಾಂದೊಲೊ ಸತ್ತ ಹದಿನಾರು ವರ್ಷಕ್ಕೆ, 1835ರಲ್ಲಿ, ಅದೇ ಉತ್ತರ ಇಟಲಿಯ ಲೋದಿಯವನಾದ ಅಗೊಸ್ತಿನೊ ಬಸ್ಸಿ ಇನ್ನೊಂದು ಗುಟ್ಟು ಬಯಲು ಮಾಡಿದ. ಸತ್ತ ಹುಳು ಗಟ್ಟಿಯಾಗಿ, ಸುಣ್ಣ ಬಳಿದಂತೆ ಬೆಳ್ಳಗಾಗುವ ರೋಗ. ನಮ್ಮಲ್ಲಿ ಸುಣ್ಣಕಟ್ಟು ಎನ್ನುತ್ತಾರೆ. ಹವೆ ಕೆಟ್ಟು ರೋಗ ಬರುತ್ತದೆ ಎಂದು ಎಲ್ಲರೂ ನಂಬಿದ್ದಾಗ, ಇದಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ, ಹುಳುವಿಂದ ಹುಳುವಿಗೆ ಹರಡುತ್ತದೆ ಎಂದು ಅವನು ಪ್ರಯೋಗದಿಂದ ತೋರಿಸಿದ. ಪ್ರಾಣಿಗಳ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂಬುದು ಮೊದಲು ರುಜುವಾತಾದದ್ದು ರೇಷ್ಮೆ ಹುಳುವಿನಲ್ಲಿ. ಪಾಸ್ಚರ್ ರೇಷ್ಮೆ ಹುಳುವಿನ ಗಂಟು ರೋಗಕ್ಕೆ ಕೈ ಹಾಕಿದ್ದು ಅದಾಗಿ ಮೂವತ್ತು ವರ್ಷಕ್ಕೆ. ಆ ಶಿಲೀಂಧ್ರದ ಹೆಸರಿನಲ್ಲಿ ಬಸ್ಸಿಯ ಹೆಸರು ಇಂದಿಗೂ ಇದೆ: ಬ್ಯೂವೇರಿಯಾ ಬಾಸಿಯಾನಾ. ಮಜಾ ಎಂದರೆ ಹವೆಯನ್ನು ದೂರಿದವರದೂ ಪೂರ್ತಿ ತಪ್ಪಲ್ಲ. ಈ ಶಿಲೀಂಧ್ರದ ಬೀಜಕ ಮೊಳೆಯಲು ತಂಪೂ ತೇವವೂ ಬೇಕು. ನಮ್ಮಲ್ಲಿ ಸುಣ್ಣಕಟ್ಟಿನ ಕಾಟ ಮಳೆ ಮತ್ತು ಚಳಿಯ ಬೆಳೆಗಳಲ್ಲೇ ಹೆಚ್ಚು. ರಾತ್ರಿ ಕೋಣೆ ತಣ್ಣಗಾಗಿ ಸೊಪ್ಪಿನ ಮೇಲೆ ತೇವ ಕೂತರೆ ಅದಕ್ಕೆ ಹಬ್ಬ.

ಆ ತೇವವನ್ನು ಬೆಂಕಿ ಒಣಗಿಸುತ್ತದೆ. ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚಾಗಿಯೇ. 16 ಡಿಗ್ರಿಯಲ್ಲಿ 90ರಷ್ಟು ತೇವಾಂಶ ಇರುವ ಗಾಳಿಯನ್ನು ಹಾಗೇ 27 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ 46ಕ್ಕೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ. ಬಿಸಿಯಾದ ಗಾಳಿ ಹೆಚ್ಚು ನೀರು ಬೇಡುವುದರಿಂದ ಎದುರಿಗೆ ಸಿಕ್ಕಿದ್ದರಿಂದೆಲ್ಲ ಹೀರುತ್ತದೆ. ಚಾಕಿ ಹುಳುವಿಗೆ ಎಳೆ ಎಲೆಯನ್ನು ಸಣ್ಣಗೆ ಕತ್ತರಿಸಿ ಹಾಕುತ್ತಾರೆ. ಕತ್ತರಿಸಿದ ಎಲೆ ಬೇಗ ಬಾಡುತ್ತದೆ. ಹುಳು ಬೇರೆ ನೀರು ಕುಡಿಯುವುದಿಲ್ಲ, ಎಲೆಯ ನೀರೇ ಅದರ ನೀರು. ಆದ್ದರಿಂದ ಕೆಂಡದ ಮೇಲೆ ನೀರಿನ ಪಾತ್ರೆ, ಬಾಗಿಲಿಗೆ ಒದ್ದೆ ಗೋಣಿ, ತಟ್ಟೆಯ ಸುತ್ತ ಒದ್ದೆ ಸ್ಪಂಜು, ಮೇಲೆ ಮೇಣದ ಕಾಗದ. ಜ್ವರಕ್ಕೆ ಕೂತ ಕೂಡಲೇ ಇದೆಲ್ಲ ತೆಗೆದು ಒಣಗಿಸಬೇಕು, ಹಾಸಿಗೆಯ ಮೇಲೆ ತೆಳುವಾಗಿ ಸುಣ್ಣ ಉದುರಿಸಬೇಕು. ಈ ನಾಜೂಕಿನ ಕೆಲಸ ಈಗ ಬಹಳ ಕಡೆ ಚಾಕಿ ಕೇಂದ್ರಗಳ ಪಾಲಾಗಿದೆ. ಎರಡನೇ ಜ್ವರ ದಾಟಿದ ಹುಳುವನ್ನು ಅಲ್ಲಿಂದ ತಂದರೆ ರೈತನಿಗೆ ಉಳಿಯುವುದು ದೊಡ್ಡ ಹುಳುವಿನ ಸಾಕಣೆ. ಅದಕ್ಕೆ ಶಾಖ ಕಡಿಮೆ ಸಾಕು, ಗಾಳಿ ಮಾತ್ರ ಹೆಚ್ಚು ಬೇಕು. ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮೀರಿ ಐದನೇ ಹಂತದಲ್ಲೇ ತಿನ್ನುವ ಹುಳು ಅಷ್ಟೇ ಉಸಿರನ್ನೂ ತೇವವನ್ನೂ ಬಿಡುತ್ತದೆ.

ಬೆಂಕಿಯೂ ಬೇಕು, ಗಾಳಿಯೂ ಬೇಕು ಎಂಬ ಈ ಇಕ್ಕಟ್ಟನ್ನು ಜಪಾನೀಯರು ಅರ್ಥ ಮಾಡಿಕೊಂಡ ರೀತಿ ನಮಗೆ ಹತ್ತಿರದ್ದು. ಗುನ್ಮಾ ಪ್ರಾಂತ್ಯದ ತಾಜಿಮಾ ಯಾಹೇ ಎಂಬ ಸಾಕಣೆಗಾರ 1863ರಲ್ಲಿ ಕಟ್ಟಿದ ಮನೆಯ ನೆತ್ತಿಯಲ್ಲಿ, ಸೂರಿನ ಉದ್ದಕ್ಕೂ, ಗಾಳಿ ಹೋಗಲೆಂದೇ ಒಂದು ಎತ್ತರದ ಕಿಂಡಿಮಾಡು ಇದೆ. ಅವನದು ಗಾಳಿಯ ಪಕ್ಷ. ಬೆಂಕಿಯ ಪಕ್ಷದವರೂ ಆಗ ಬೇಕಾದಷ್ಟಿದ್ದರು. ಅದೇ ಪ್ರಾಂತ್ಯದ ತಕಾಯಾಮಾ ಚೋಗೊರೊ 1880ರ ದಶಕದಲ್ಲಿ ಎರಡನ್ನೂ ಕೂಡಿಸಿದ. ಹವೆ ನೋಡಿ ಬೆಂಕಿ, ಬೆಂಕಿ ನೋಡಿ ಕಿಂಡಿ. ಆ ಪದ್ಧತಿ ಕಲಿಸಲು 1884ರಲ್ಲಿ ಅವನು ಶುರುಮಾಡಿದ ಶಾಲೆಯ ಮನೆ, ತಾಜಿಮಾನ ಮನೆ ಎರಡೂ ತೊಮಿಯೊಕಾ ನೂಲು ಗಿರಣಿಯ ಜೊತೆಗೆ 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ನಮ್ಮ ನಾಡಹೆಂಚು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಅವರು ಯೋಚಿಸಿ ಕಟ್ಟಿದರು. ಯೋಚಿಸಿ ಕಟ್ಟಿದ್ದರಿಂದ ಅದನ್ನು ಬೇಕಾದಾಗ ಮುಚ್ಚಲೂ ಬರುತ್ತಿತ್ತು.

ಇಂದು ಹೊಸ ಹುಳುಮನೆ ಕಟ್ಟುವವರಿಗೆ ನನ್ನ ಸಲಹೆ: ಬೆಂಕಿಯನ್ನು ಕೋಣೆಯ ಹೊರಗಿಡಿ, ಶಾಖವನ್ನಷ್ಟೇ ಒಳಗೆ ಕರೆಯಿರಿ. ಕರೆಂಟಿನ ಹೀಟರ್ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ, ಕರೆಂಟು ಇದ್ದರೆ. ನಾವು ಲೆಕ್ಕ ಹಾಕಿದ ಮನೆಗೆ ರಾತ್ರಿಗೆ ನಲವತ್ತೈದು ಯೂನಿಟ್ ಆಗುತ್ತದೆ, ಸೂರಿಗೆ ತಡಿಕೆ ಕಟ್ಟಿದರೆ ಇಪ್ಪತ್ತೆಂಟರ ಹತ್ತಿರ. ಸೌದೆಯಲ್ಲೇ ಮಾಡುವುದಾದರೆ ಒಲೆಯ ಬಾಯಿ ಹೊರಗೋಡೆಯಲ್ಲಿರಲಿ. ಹೊಗೆಕೊಳವೆ ಗೋಡೆ ದಾಟಿ ಒಳಗೆ ಬಂದು, ಕೋಣೆಯ ಉದ್ದಕ್ಕೂ ಸ್ವಲ್ಪ ಏರುತ್ತಾ ಹೋಗಿ, ಎದುರು ಗೋಡೆಯಿಂದ ಹೊರಬಿದ್ದು ಸೂರಿನ ಮೇಲೆ ನಿಲ್ಲಲಿ. ಉದ್ದನೆಯ ಕೊಳವೆ ಶಾಖವನ್ನು ಒಂದೇ ಮೂಲೆಗೆ ಸುರಿಯದೆ ಹಂಚುತ್ತದೆ, ಮೊದಲು ಹೇಳಿದ ಸಮನಾದ ಶಾಖ ಆಗ ಸಿಗುತ್ತದೆ.

ಹೊಗೆಯನ್ನು ಎಳೆಯುವುದು ಕೊಳವೆಯ ಎತ್ತರ ಮತ್ತು ಒಳಗಿನ ಬಿಸಿ. ನಾಲ್ಕು ಮೀಟರ್ ಎತ್ತರದ ಕೊಳವೆಯಲ್ಲಿ ಸರಾಸರಿ 150 ಡಿಗ್ರಿಯ ಹೊಗೆ ಇದ್ದರೆ ಹುಟ್ಟುವ ಸೆಳೆತ ಒಂದೂವರೆ ಮಿಲಿಮೀಟರ್ ನೀರಿನ ಒತ್ತಡದಷ್ಟು. ಬಹಳ ಸಣ್ಣದು. ಒಂದು ಅನಗತ್ಯ ತಿರುವು, ಒಂದು ಹಕ್ಕಿಗೂಡು, ಒಂದು ಬೆರಳು ದಪ್ಪದ ಮಸಿ ಅದನ್ನು ನುಂಗಿಬಿಡುತ್ತದೆ. ಒಲೆ, ಕೊಳವೆಗಳ ಪಾಠಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಮಳವಳ್ಳಿಯಿಂದ ಮದ್ದೂರಿನ ಮೇಲೆ ಹೋಗುವ ಹೆದ್ದಾರಿಯಲ್ಲಿ ಇನ್ನಷ್ಟು ದೂರ ಸಾಗಿದರೆ ಕುಣಿಗಲ್ ತಾಲ್ಲೂಕು. ಅಲ್ಲಿನ ಉಂಗ್ರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಕೇಂದ್ರ ತೆರೆದು ಕೆಲಸ ಮಾಡಿತು. 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರುಮಾಡಿದ ತಂಡ ಅದು. 1980ರ ದಶಕದ ಆರಂಭದಲ್ಲಿ ಆ ತಂಡ ರೂಪಿಸಿದ ಅಸ್ತ್ರ ಒಲೆ ಅಡುಗೆಯದಾದರೂ ಅದರ ಪಾಠ ಇಲ್ಲಿಗೂ ಸಲ್ಲುತ್ತದೆ. ಸೌದೆಯ ಅಡಿಯಿಂದ ಗಾಳಿ ಬರಲು ಜಾಲರಿ, ಒಳಗೆ ಬರುವ ಗಾಳಿಗೆ ಅಳತೆ, ಹೊಗೆ ಹೊರಹೋಗುವ ಮೊದಲು ತನ್ನ ಶಾಖವನ್ನು ಬಿಟ್ಟುಹೋಗುವಂಥ ದಾರಿ, ಕೊನೆಗೆ ಹೊಗೆಗೂಡು. ಎಷ್ಟೋ ಮನೆಗಳಲ್ಲಿ ಹೊಗೆರಹಿತ ಒಲೆಗಳು ಮೂಲೆ ಸೇರಿದ್ದಕ್ಕೆ ಮುಖ್ಯ ಕಾರಣ ವಿನ್ಯಾಸಕ್ಕಿಂತ ಹೆಚ್ಚಾಗಿ ಕೊಳವೆ ಶುಚಿ ಮಾಡದಿದ್ದದ್ದು ಎಂದೇ ನನ್ನ ಅನಿಸಿಕೆ.

ಸೌದೆಗೆ ಹುಳುಮನೆಯವರು ಎಲ್ಲೂ ಹೋಗಬೇಕಾಗಿಲ್ಲ. ರೆಂಬೆ ಸಮೇತ ಸೊಪ್ಪು ಹಾಕುವ ಈಗಿನ ಪದ್ಧತಿಯಲ್ಲಿ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ಬೀಳುತ್ತದೆ. ಅದನ್ನು ಹಸಿಯಾಗಿ ಒಲೆಗೆ ತುರುಕಬಾರದು. ಹೊಸದಾಗಿ ಕಡಿದ ಕಡ್ಡಿಯ ತೂಕದಲ್ಲಿ ಅರ್ಧ ನೀರು. ಒಂದು ಕಿಲೋ ಹಸಿ ಕಡ್ಡಿ ಎಂಟು ಮೆಗಾಜೂಲ್ ಕೊಟ್ಟರೆ ಚೆನ್ನಾಗಿ ಒಣಗಿದ್ದು ಹದಿನೈದು ಕೊಡುತ್ತದೆ. ಶಾಖಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ನೀರು ಆವಿಯಾಗುವವರೆಗೆ ಉರಿ ತಣ್ಣಗಿರುತ್ತದೆ, ಉರಿಯದ ಹೊಗೆ ಕೊಳವೆಯೊಳಗೆ ಹೋಗಿ ತಂಪಾಗಿ ಡಾಂಬರಿನಂತೆ ಅಂಟುತ್ತದೆ. ಆ ಅಂಟು ಒಣಗಿ ದಪ್ಪವಾದ ಮೇಲೆ ಒಂದು ದಿನ ಕೊಳವೆಯೊಳಗೇ ಹೊತ್ತಿಕೊಂಡೀತು. ಪಕ್ಕದಲ್ಲಿ ಬಿದಿರಿನ ಚಂದ್ರಿಕೆಗಳು ಒರಗಿದ್ದರೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಈ ಬೆಳೆಯ ಕಡ್ಡಿಯನ್ನು ಸೂರಿನಡಿ ಒಟ್ಟಿ, ಮುಂದಿನ ಬೆಳೆಗೆ ಉರಿಸುವುದು ಸರಿಯಾದ ಲೆಕ್ಕ. ಕೊಳವೆಗೆ, ಒಲೆಯ ಹತ್ತಿರದ ಭಾಗಕ್ಕಾದರೂ, ಸತುವಿನ ಲೇಪದ ನೀರಿನ ಪೈಪು ಬೇಡ. ಹೆಚ್ಚು ಕಾದರೆ ಸತುವಿನ ಹೊಗೆ ಬರುತ್ತದೆ. ಬರೀ ಕಬ್ಬಿಣದ್ದು ಸಾಕು. ಜೋಡಣೆಗಳಿಗೆ ಜೇಡಿಮಣ್ಣು ಮೆತ್ತಿ, ಪ್ರತಿ ತಿರುವಿನಲ್ಲೂ ಬಿಚ್ಚಲು ಬರುವ ಮುಚ್ಚಳ ಇಡಿಸಿ.

ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮೇಲೆ ಹುಳುಮನೆ ತೊಳೆದು ಸೋಂಕು ನಿವಾರಣೆ ಮಾಡುವ ಕೆಲಸ ಹೇಗೂ ಇದೆ. ಕೊಳವೆಯ ಮುಚ್ಚಳಗಳನ್ನು ಆಗಲೇ ತೆಗೆದು, ಉದ್ದನೆಯ ಕೋಲಿಗೆ ತೆಂಗಿನ ನಾರು ಕಟ್ಟಿ ಮಸಿ ಕೆರೆದು ತೆಗೆಯಿರಿ, ಜಾಲರಿಯ ಅಡಿಯ ಬೂದಿ ಖಾಲಿ ಮಾಡಿ ತೋಟಕ್ಕೆ ಹಾಕಿ. ಹೊಸ ಹುಳು ತರುವ ಹಿಂದಿನ ದಿನ ಬಾಗಿಲು, ಕಿಟಕಿ ಮುಚ್ಚಿ ಒಲೆ ಹೊತ್ತಿಸಿ, ಮೊದಲು ಒಲೆಬಾಯಿಯ ಹತ್ತಿರ, ಆಮೇಲೆ ಒಳಗೆ ಕೊಳವೆಯ ಪ್ರತಿ ಜೋಡಣೆಯ ಹತ್ತಿರ ಒಂದು ಊದುಬತ್ತಿ ಹಿಡಿದು ನೋಡಿ. ಅದರ ಹೊಗೆ ಕೊಳವೆಯ ಕಡೆ ಬಾಗಿದರೆ ಸೆಳೆತ ಸರಿಯಿದೆ. ಹಿಂದಕ್ಕೆ ಬಂದರೆ ಕೊಳವೆಯ ತುದಿಗೆ ಏಣಿ ಹಾಕಿ ಹತ್ತಿ; ಗುಬ್ಬಿಯೋ ಅಳಿಲೋ ಗೂಡು ಕಟ್ಟಿರಬಹುದು.